ಅಡುಗೆಮನೆ ಪ್ರಶ್ನೋತ್ತರ: ಕುಂಡದ ಕಿತ್ತಳೆಗೆ ಸಕ್ಕರೆ ಪಾಕ

ಪ್ರಶ್ನೆ: ಅಕ್ಕ, ನಮ್ಮ ಬಾಲ್ಕನಿಯ ಕುಂಡದಲ್ಲಿ ಚೈನಾ ಕಿತ್ತಳೆ ಇದೆ. ನೆಲ್ಲಿಕಾಯಿ ಗಾತ್ರದ ಹಣ್ಣು, ಗಿಡದ ತುಂಬ. ಹೋದ ಸಲ ಇಡೀ ಹಣ್ಣನ್ನು ಗಟ್ಟಿ ಪಾಕಕ್ಕೆ ಹಾಕಿ ಕುದಿಸಿದೆ. ಹಣ್ಣು ಮುದುಡಿ ಗಟ್ಟಿಯಾಯ್ತು, ಕಹಿಯೂ ಇತ್ತು. ವಾರದಲ್ಲಿ ಪಾಕವೆಲ್ಲ ಹರಳುಗಟ್ಟಿತು. ಎಲ್ಲಿ ತಪ್ಪಿತು?
– ಓದುಗರು, ಡೊಂಬಿವಲಿ

ಉತ್ತರ: ಅವಸರವೇ ತೊಂದರೆ. ಗಟ್ಟಿ ಪಾಕಕ್ಕೆ ಹಸಿ ಹಣ್ಣು ಬಿದ್ದರೆ, ಸಕ್ಕರೆ ಒಳಗೆ ಇಳಿಯುವ ಮೊದಲೇ ಹಣ್ಣಿನ ನೀರು ಹೊರಗೆ ಬಂದುಬಿಡುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಸಿಪ್ಪೆ ಮೆತ್ತಗಾಗುವುದಿಲ್ಲ. ನಿಮ್ಮ ಅಕ್ಕಪಕ್ಕದಲ್ಲಿ ಮರಾಠಿ ಕಾಕುಗಳು ನೆಲ್ಲಿಕಾಯಿ ಮೊರಾವಳಾ (ಸಕ್ಕರೆ ಪಾಕದ ಮುರಬ್ಬ) ಮಾಡುವುದನ್ನು ನೋಡಿರುತ್ತೀರಿ ಅಲ್ವಾ? ಮೊದಲು ಚುಚ್ಚುತ್ತಾರೆ, ಬೇಯಿಸುತ್ತಾರೆ, ಪಾಕಕ್ಕೆ ಹಾಕುವುದು ಆಮೇಲೆ. ಇದಕ್ಕೂ ಅದೇ ದಾರಿ.

ಮೊದಲು ಒಂದು ಮಾತು. ನರ್ಸರಿಯಿಂದ ತಂದಾಗ ಗಿಡದಲ್ಲಿದ್ದ ಹಣ್ಣನ್ನು ದಯವಿಟ್ಟು ಬಳಸಬೇಡಿ. ಅಲ್ಲಿ ಔಷಧಿ ಹೊಡೆದಿರುತ್ತಾರೆ, ನಾವು ತಿನ್ನುವುದು ಸಿಪ್ಪೆಸಮೇತ. ನಿಮ್ಮ ಮನೆಯಲ್ಲಿ ಬಿಟ್ಟ ಹೊಸ ಫಸಲನ್ನೇ ಕೀಳಿ.

ನಿಮ್ಮದು ದುಂಡಗಿದ್ದರೆ ಅದು ಬಹುಶಃ ಕ್ಯಾಲಮಾಂಡಿನ್. ಕುಮ್‌ಕ್ವಾಟ್ ಎಂಬ ಪುಟ್ಟ ಹುಳಿಹಣ್ಣು ಮತ್ತು ಕಿತ್ತಳೆ ಜಾತಿ ಬೆರೆತು ಹುಟ್ಟಿದ್ದು. ಫಿಲಿಪೈನ್ಸಿನಲ್ಲಿ ಇದನ್ನು ಕಲಮಾನ್ಸಿ ಅನ್ನುತ್ತಾರೆ, ನಾವು ನಿಂಬೆಹಣ್ಣು ಹಿಂಡುವ ಹಾಗೆ ಊಟಕ್ಕೆ ಹಿಂಡಿಕೊಳ್ಳುತ್ತಾರೆ. ಮೊಟ್ಟೆಯಾಕಾರದ ಕುಮ್‌ಕ್ವಾಟ್ ಆದರೆ ಸಿಪ್ಪೆಯೇ ಸಿಹಿ, ಕೆಲಸ ಇನ್ನೂ ಸುಲಭ.

ಅರ್ಧ ಕಿಲೋ ಹಣ್ಣು ತೊಳೆದು, ತೊಟ್ಟು ತೆಗೆದು, ಪ್ರತಿಯೊಂದಕ್ಕೂ ಹಲ್ಲುಕಡ್ಡಿಯಿಂದ ಐದಾರು ಕಡೆ ಚುಚ್ಚಿ. ತಣ್ಣೀರಲ್ಲಿ ಹಾಕಿ ಒಲೆಗಿಡಿ. ಎರಡು ನಿಮಿಷ ಕುದ್ದ ಮೇಲೆ ಆ ನೀರು ಚೆಲ್ಲಿ. ಹೊಸ ನೀರು ಹಾಕಿ ಇನ್ನೊಮ್ಮೆ ಹಾಗೇ ಮಾಡಿ. ಕಹಿ ಬಹುಪಾಲು ಈ ನೀರಿನ ಜೊತೆಗೇ ಹೋಗುತ್ತದೆ. ಮೂರನೇ ನೀರಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಹಲ್ಲುಕಡ್ಡಿ ಸಿಪ್ಪೆಯೊಳಗೆ ತಡೆಯಿಲ್ಲದೆ ಇಳಿಯಬೇಕು, ಹಣ್ಣು ಒಡೆಯಬಾರದು. ಇಲ್ಲೇ ಕಣ್ಣಿಡಬೇಕು. ಬೆಂದ ಹಣ್ಣಿನ ಪಕ್ಕದಲ್ಲಿ ಸಣ್ಣಗೆ ಸೀಳಿ ಮೆಲ್ಲಗೆ ಒತ್ತಿದರೆ ಬೀಜ ಜಾರಿ ಹೊರಗೆ ಬರುತ್ತವೆ. ಬೀಜವೂ ಕಹಿಯೇ, ತೆಗೆದರೆ ಒಳ್ಳೆಯದು.

ಇನ್ನು ಪಾಕ. ಸ್ಟೀಲ್ ಪಾತೇಲಿಯೇ ಇರಲಿ. ಹುಳಿ ಹಣ್ಣಿಗೆ ಅಲ್ಯೂಮಿನಿಯಂ ಬೇಡವೇ ಬೇಡ. ಅರ್ಧ ಲೀಟರ್ ನೀರಿಗೆ ಕಾಲು ಕಿಲೋ ಸಕ್ಕರೆ ಹಾಕಿ ಕರಗಿಸಿ, ಹಣ್ಣು ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಮುಚ್ಚಿ ರಾತ್ರಿಯಿಡೀ ಬಿಡಿ. ಮರುದಿನ ಹಣ್ಣು ಎತ್ತಿಟ್ಟು ಪಾಕಕ್ಕೆ 150 ಗ್ರಾಂ ಸಕ್ಕರೆ ಸೇರಿಸಿ ಚೆನ್ನಾಗಿ ಕುದಿಸಿ, ಹಣ್ಣು ವಾಪಸ್ ಹಾಕಿ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ಇಳಿಸಿ. ಹೀಗೇ ಇನ್ನೆರಡು ದಿನ. ಕೊನೆಯ ದಿನ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ, ಪಾಕ ಒಂದೆಳೆ ಬರುವವರೆಗೆ ಕುದಿಸಿ. ಥರ್ಮಾಮೀಟರ್ ಇದ್ದರೆ 105 ಡಿಗ್ರಿ ಸೆಲ್ಸಿಯಸ್ ಹತ್ತಿರ. ನಿಂಬೆಯ ಹುಳಿ ಸಕ್ಕರೆಯ ಒಂದಷ್ಟು ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಪಾಕ ಸುಲಭಕ್ಕೆ ಹರಳುಗಟ್ಟುವುದಿಲ್ಲ. ಅಷ್ಟೊತ್ತಿಗೆ ಸಿಪ್ಪೆ ಗಾಜಿನ ಬಳೆಯ ಹಾಗೆ ಬೆಳಕು ಬಿಡಬೇಕು. ಕಿಟಕಿಗೆ ಹಿಡಿದು ನೋಡಿ, ನಡುವೆ ಮಂಕು ಬಿಳಿ ಕಂಡರೆ ಇನ್ನೊಂದು ದಿನ ಪಾಕದಲ್ಲೇ ಬಿಡಿ.

ಬಿಸಿ ಇರುವಾಗಲೇ, ಕುದಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಜಾಡಿಗೆ ತುಂಬಿ. ವಾರದ ನಂತರ ಒಮ್ಮೆ ನೋಡಿ. ಹಣ್ಣು ಇನ್ನೂ ನೀರು ಬಿಟ್ಟು ಪಾಕ ತೆಳ್ಳಗಾಗಿದ್ದರೆ, ಪಾಕ ಮಾತ್ರ ಸೋಸಿ ಮತ್ತೆ ಕುದಿಸಿ ಸುರಿಯಿರಿ. ಈ ಕೆಲಸವನ್ನು ಬಹಳ ಜನ ಬಿಡುತ್ತಾರೆ, ನೀವು ಬಿಡಬೇಡಿ.

ಪ್ರಶ್ನೆ: ನಮ್ಮ ಬೆಳಗಾವಿ ಕಡೆ ಮಾವಿನಕಾಯಿ ಗುಳಂಬ ಬೆಲ್ಲದಲ್ಲೇ. ಈ ಕಿತ್ತಳೆಗೂ ಬೆಲ್ಲ ನಡೀತದಾ? ಮನೆಯವರಿಗೆ ಸಿಹಿ ಕಮ್ಮಿ ಬೇಕು, ಅಳತೆ ಇಳಿಸಬಹುದಾ?
– ಓದುಗರು, ಪುಣೆ

ಉತ್ತರ: ಬೆಲ್ಲ ನಡೀತದೆ. ಆದರೆ ಬಣ್ಣ ಕಪ್ಪಾಗುತ್ತದೆ, ಸಿಪ್ಪೆಯ ಘಮ ಬೆಲ್ಲದ ಕೆಳಗೆ ಹುದುಗಿಹೋಗುತ್ತದೆ. ಮಾವಿನಕಾಯಿ ಅದನ್ನು ತಡೆದುಕೊಳ್ಳುತ್ತದೆ, ಈ ಪುಟ್ಟ ಹಣ್ಣು ತಡೆಯುವುದಿಲ್ಲ. ನಾನಂತೂ ಸಕ್ಕರೆಯನ್ನೇ ಹಾಕುತ್ತೇನೆ. ಬೆಲ್ಲವೇ ಬೇಕೆಂದರೆ ಅರ್ಧಕ್ಕರ್ಧ ಹಾಕಿ, ಕರಗಿಸಿ ಸೋಸಿಕೊಳ್ಳಿ.

ಅಳತೆ ಮಾತ್ರ ಇಳಿಸಬೇಡಿ. ಸಕ್ಕರೆ ಇಲ್ಲಿ ಬರೀ ರುಚಿಗಲ್ಲ. ಹಣ್ಣಿನ ನೀರನ್ನು ಅದು ಹಿಡಿದಿಟ್ಟುಕೊಳ್ಳುವುದರಿಂದಲೇ ಬೂಸಲಿಗೆ ಬೆಳೆಯಲು ನೀರು ಸಿಗುವುದಿಲ್ಲ. ಕಮ್ಮಿ ಹಾಕಿದರೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ಹಣ್ಣಿನ ರಸಕ್ಕೆ ಉಪ್ಪು, ಜೀರಿಗೆಪುಡಿ ಹಾಕಿ ಶರಬತ್ತು ಮಾಡಿಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಜಾಡಿಯ ಮೇಲೆ ಬಿಳಿ ಪದರ ಬಂತು. ಮೇಲಿನದು ತೆಗೆದು ಉಳಿದದ್ದು ತಿನ್ನಬಹುದಾ?
– ಓದುಗರು, ಮಡಗಾಂವ್

ಉತ್ತರ: ಬೇಡ, ಪೂರ್ತಿ ಎಸೆಯಿರಿ. ಬೂಸಲಿನ ಬೇರು ಕಣ್ಣಿಗೆ ಕಾಣದೆ ಕೆಳಗೂ ಇಳಿದಿರುತ್ತದೆ. ಗುಳ್ಳೆ ಬಂದು ಹೆಂಡದ ವಾಸನೆ ಹೊಡೆದರೆ ಹುಳಿತಿದೆ ಎಂದರ್ಥ, ಅದನ್ನೂ ಎಸೆಯಿರಿ. ಗೋವಾ, ಮುಂಬೈ ಮಳೆಗಾಲದ ತೇವಕ್ಕೆ ಜಾಡಿ ಫ್ರಿಜ್ಜಿನಲ್ಲೇ ಇರಲಿ. ದೊಡ್ಡ ಜಾಡಿ ಒಂದರ ಬದಲು ಸಣ್ಣವು ನಾಲ್ಕು ತುಂಬಿ, ಒಂದು ಖಾಲಿಯಾದ ಮೇಲೆ ಇನ್ನೊಂದು ತೆರೆಯಿರಿ. ಒಳಗೆ ಹಾಕುವ ಚಮಚ ಒಣಗಿರಲಿ.