ನಕ್ಕಾಗ ತುಟಿ ಎಳೆಯುತ್ತದೆ, ಲೇಸರ್ ಸಾಕಾ?

ಪ್ರಶ್ನೆ: ನನಗೆ 21 ವರ್ಷ. ಹುಟ್ಟುವಾಗಲೇ ಮೇಲ್ತುಟಿಯ ಎಡಗಡೆ ಸೀಳಿತ್ತು. ಮಗುವಾಗಿದ್ದಾಗಲೇ ಆಪರೇಷನ್ ಆಗಿದೆ. ಸುಮ್ನೆ ಇದ್ದಾಗ ಅಷ್ಟು ಗೊತ್ತಾಗುವುದಿಲ್ಲ. ನಕ್ಕರೆ ಕಲೆಯ ಪಕ್ಕ ಉಬ್ಬು ಏಳುತ್ತದೆ, ತುಟಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕೆಂಪು ಭಾಗದಲ್ಲಿ ಚಿಕ್ಕ ಕಚ್ಚೂ ಇದೆ. ಲೇಸರ್ ಮಾಡಿಸಿದರೆ ಸರಿಹೋಗುತ್ತಾ?

ಉತ್ತರ: ಲೇಸರ್‌ನಿಂದ ಕಲೆಯ ಕೆಂಪು, ಒರಟುತನ ಸ್ವಲ್ಪ ತಗ್ಗಬಹುದು, ಅಷ್ಟೇ. ನಕ್ಕಾಗ ಉಬ್ಬು ಏಳುತ್ತದೆ ಅಂದಿರಲ್ವಾ, ಅಂದರೆ ತೊಂದರೆ ಚರ್ಮದ ಕೆಳಗೆ ಇರುವ ಹಾಗಿದೆ. ಬಾಯಿಯ ಸುತ್ತ ಉಂಗುರದಂಥ ಸ್ನಾಯು ಇರುತ್ತದೆ. ತುಟಿ ಸೀಳಿದಲ್ಲಿ ಆ ಉಂಗುರ ತುಂಡಾಗಿ, ತುದಿಗಳು ಮೂಗಿನ ಬುಡದತ್ತ ಹೋಗಿ ಅಂಟಿಕೊಂಡಿರುತ್ತವೆ. ಅವು ಸರಿಯಾಗಿ ಕೂಡದಿದ್ದರೆ ನಕ್ಕಾಗ ಒಂದೊಂದು ತುದಿ ತನ್ನ ಕಡೆಗೆ ಎಳೆಯುತ್ತದೆ. ಹಾಗಿದ್ದರೆ ಹಳೇ ಕಲೆಯನ್ನು ತೆಗೆದು, ಸ್ನಾಯುವನ್ನು ಬಿಡಿಸಿ, ಎರಡೂ ತುದಿ ಎದುರುಬದುರು ತಂದು ಹೊಲಿಯಬೇಕು. ಚರ್ಮಕ್ಕೆ ಹೊಲಿಗೆ ಆಮೇಲೆ. ತುಟಿಯ ಕೆಂಪಂಚು ಕೂಡುವ ಕಡೆ ತುಂಬಾ ಜೋಪಾನ ಬೇಕು. ಅಲ್ಲಿ 1 ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಎದುರಿಗೆ ಕೂತವರಿಗೆ ಕಾಣುತ್ತದೆ.

ಕಚ್ಚು ಚಿಕ್ಕದಾದರೆ ಪಕ್ಕದ ಒಳತುಟಿಯ ಪದರವನ್ನೇ ಸರಿಸಿ ತುಂಬಬಹುದು. ಮೈಯ ಬೇರೆ ಕಡೆಯ ಕೊಬ್ಬನ್ನೂ ತುಂಬುತ್ತಾರೆ, ಆದರೆ ಅದರಲ್ಲಿ ಸ್ವಲ್ಪ ಕರಗಿಹೋಗುತ್ತದೆ. ಎರಡೂ ಕಡೆ ಸೀಳಿದ್ದವರಲ್ಲಿ ಕೆಲವೊಮ್ಮೆ ಮೇಲ್ತುಟಿಯೇ ಸಾಲದೆ ಬಿಗಿದಿರುತ್ತದೆ. ಅಂಥವರಿಗೆ ಕೆಳತುಟಿಯ ಒಂದು ತುಂಡನ್ನು ಮೇಲಕ್ಕೆ ತಿರುಗಿಸಿ ಕೂರಿಸುತ್ತಾರೆ. ರಾಬರ್ಟ್ ಅಬ್ಬೆ ಎಂಬ ಅಮೆರಿಕದ ಸರ್ಜನ್ 1898ರಲ್ಲಿ ವಿವರಿಸಿದ ವಿಧಾನ ಅದು. ರಕ್ತ ಹರಿಯಲೆಂದು ಎರಡೂ ತುಟಿಗಳನ್ನು 2-3 ವಾರ ಆ ತುಂಡಿನದೇ ಒಂದು ಸಣ್ಣ ಎಳೆಯಲ್ಲಿ ಕೂಡಿಸಿಯೇ ಬಿಟ್ಟಿರುತ್ತಾರೆ. ನೀವು ಬರೆದದ್ದನ್ನು ನೋಡಿದರೆ ನಿಮಗೆ ಅದು ಬೇಕಾಗಲಾರದು.

ಮೊದಲ ಸರ್ಜನ್ ಕೆಲಸ ಕೆಡಿಸಿದರು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 3ರಿಂದ 6 ತಿಂಗಳ ಕೂಸಿನ ಪುಟ್ಟ ತುಟಿಯ ಮೇಲೆ ಮಾಡುವ ಕೆಲಸ ಅದು. ಮುಖ ಬೆಳೆದಂತೆ ಆಗ ಇಲ್ಲದ ಓರೆಯೂ ಕಾಣಿಸಿಕೊಳ್ಳುತ್ತದೆ.

ಆಪರೇಷನ್‌ಗೆ ಮೊದಲು ಒಂದು ಮಾತು. ನಿಮ್ಮ ಮೇಲ್ದವಡೆ ಹಿಂದಕ್ಕೆ ಸರಿದಿದ್ದರೆ, ಅದನ್ನು ಸರಿಮಾಡಿಸುವ ಯೋಚನೆಯಿದ್ದರೆ, ದವಡೆಯ ಆಪರೇಷನ್ನೇ ಮೊದಲು ಆಗಲಿ. ತುಟಿ ನಿಲ್ಲುವುದೇ ಅದರ ಆಸರೆಯಲ್ಲಿ. ದವಡೆ ಮುಂದಕ್ಕೆ ಬಂದರೆ ತುಟಿಯ ಆಕಾರವೂ ಬದಲಾಗುತ್ತದೆ. ಮೂಗು ಆಮೇಲೆ. ಬೇಕಾದರೆ ಮೂಗು, ತುಟಿ ಎರಡನ್ನೂ ಒಟ್ಟಿಗೇ ಮಾಡಬಹುದು.

ಕಲೆ ಪೂರ್ತಿ ಮಾಯವಾಗುವುದಿಲ್ಲ. ಆಪರೇಷನ್ ಆದ ಮೊದಲ ಕೆಲವು ತಿಂಗಳು ಈಗಿರುವುದಕ್ಕಿಂತ ಜಾಸ್ತಿ ಕೆಂಪಾಗಿ, ಗಟ್ಟಿಯಾಗಿ ಇರುತ್ತದೆ. ಮೆತ್ತಗಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ.

ಸೀಳು ತುಟಿ ನೋಡುವ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗುವಾಗ ಫೋಟೊ ಮಾತ್ರ ಒಯ್ಯಬೇಡಿ. ನಗುವ, ಮಾತಾಡುವ, ಸಿಳ್ಳೆ ಹಾಕುವ ವಿಡಿಯೊ ಮಾಡಿಕೊಂಡು ಹೋಗಿ.