ಚಿಕ್ಕಮ್ಮ ಆ ಮನೆಯಲ್ಲೇ ಇರಲಿ

ಮಲೆನಾಡಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ಇವರ ತಾಯಿ ತೀರಿಕೊಂಡ ಮೇಲೆ ತಂದೆ ಇನ್ನೊಂದು ಮದುವೆಯಾದರು. 22 ವರ್ಷ ಸಂಸಾರ ಮಾಡಿದರು. ಹೋದ ವರ್ಷ ತಂದೆಯೂ ಹೋದರು. ಅವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಹೆಂಚಿನ ಮನೆ ಉಯಿಲಿನ ಪ್ರಕಾರ ಇಬ್ಬರು ಗಂಡುಮಕ್ಕಳಿಗೆ. ಆದರೆ ಹೆಂಡತಿ ಬದುಕಿರುವವರೆಗೆ ಅಲ್ಲಿ ವಾಸ ಮಾಡಬಹುದು, ಅಲ್ಲಿಯವರೆಗೆ ಮನೆ ಮಾರುವಂತಿಲ್ಲ. ಆಕೆಗೆ ಈಗ 68. 'ಮನೆ ನಮ್ಮದು, ಉಪಯೋಗ ಮಾತ್ರ ನಮಗಿಲ್ಲ. ಆಕೆಗೆ ತಮ್ಮನ ಮನೆಯಿದೆ. ತಿಂಗಳು ತಿಂಗಳು ದುಡ್ಡು ಕೊಡಲೂ ನಾವು ತಯಾರು. ಒಬ್ಬರಿಗೋಸ್ಕರ ಎರಡು ಸಂಸಾರ ಕಾಯುತ್ತಾ ಕೂರಬೇಕಾ?' ಎಂದು ಕೇಳಿದ್ದಾರೆ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆ ಮನೆಗೆ ನಿಮ್ಮ ತಾಯಿಯ ಬಳೆ ಮಾರಿದ ದುಡ್ಡೂ ಸೇರಿದೆ ಅಂತ ಬರೆದಿದ್ದೀರಿ. ಆ ನೋವು ಸಣ್ಣದಲ್ಲ. ಮಗಳ ಓದಿಗೆ ಸಾಲ ಮಾಡಬೇಕಾಗಿ ಬಂದಿರುವುದೂ ನಿಜವೇ ಇರಬೇಕು.

ಆದರೂ ನಾನು ನಿಮ್ಮ ಚಿಕ್ಕಮ್ಮನ ಕಡೆಗೇ ಇದ್ದೇನೆ. ಚಿಕ್ಕಮ್ಮ ಅನ್ನುವುದು ನನ್ನ ಮಾತು. ನಿಮ್ಮ ಪತ್ರದಲ್ಲಿ 'ತಂದೆಯ ಎರಡನೇ ಹೆಂಡತಿ' ಅಂತ ಏಳು ಕಡೆ ಇದೆ, ಎಣಿಸಿದೆ. ನಿಮ್ಮ ತಂದೆಗೆ ಪಾರ್ಶ್ವವಾಯು ಬಡಿದು ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು ಅಂತಲೂ ನೀವೇ ಬರೆದಿದ್ದೀರಿ. ಆ ನಾಲ್ಕು ವರ್ಷ ಅವರನ್ನು ಎತ್ತಿ ಕೂರಿಸಿದವರು ಯಾರು, ಮಗ್ಗುಲು ಬದಲಿಸಿದವರು ಯಾರು ಅನ್ನುವುದು ಮಾತ್ರ ಎರಡು ಪುಟದಲ್ಲಿ ಎಲ್ಲೂ ಇಲ್ಲ. ನೀವಿಬ್ಬರೂ ಬೆಂಗಳೂರಿನಲ್ಲಿದ್ದಿರಿ ಅಲ್ವಾ?

ತಮ್ಮನ ಮನೆ ಇದೆಯಲ್ಲ ಅನ್ನುತ್ತೀರಿ. ನನ್ನ ದೊಡ್ಡಮ್ಮನ ವಿಷಯ ಹೇಳುತ್ತೇನೆ. ದೊಡ್ಡಪ್ಪ ಹೋದ ಮರುವರ್ಷವೇ ಮಕ್ಕಳು ಮನೆ ಮಾರಿ ಹಂಚಿಕೊಂಡರು. ಅಮ್ಮನನ್ನು ಪಾಳಿಯ ಮೇಲೆ ನೋಡಿಕೊಳ್ಳುವುದು ಎಂದಾಯಿತು. ಮೂವರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ಯಾರೂ ಕೆಟ್ಟವರಲ್ಲ, ಊಟ ಔಷಧಿಗೆ ಯಾವತ್ತೂ ಕಡಿಮೆ ಮಾಡಲಿಲ್ಲ. ದೊಡ್ಡಮ್ಮನ ಹತ್ತಿರ ಒಂದು ನೀಲಿ ಚೀಲವಿತ್ತು. ನಾಲ್ಕು ಸೀರೆ, ಮಾತ್ರೆ ಡಬ್ಬಿ, ಒಂದು ಹಿತ್ತಾಳೆ ಕೃಷ್ಣ. ಹೋದ ಮನೆಯಲ್ಲೆಲ್ಲ ಆ ಚೀಲ ಮಂಚದ ಕೆಳಗೇ ಇರುತ್ತಿತ್ತು. ಕಪಾಟಿನಲ್ಲಿ ಜಾಗವಿದ್ದರೂ ಬಟ್ಟೆ ತೆಗೆದಿಡುತ್ತಿರಲಿಲ್ಲ. ಒಮ್ಮೆ ನಾನು ನೋಡಲು ಹೋಗಿದ್ದೆ. ನನಗೆ ಕಾಫಿ ಮಾಡಿಕೊಡಬೇಕು ಅಂತ ಎದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಸೊಸೆಯ ಮುಖ ನೋಡಿ, 'ಒಲೆ ಹಚ್ಚಲೇನಮ್ಮಾ?' ಅಂತ ಕೇಳಿದರು. ನಲವತ್ತು ವರ್ಷ ಊರಿಗೆಲ್ಲ ಬಡಿಸಿದ ಹೆಂಗಸು. ಆ ಕಾಫಿ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ತಂದೆಗೆ ಇದೆಲ್ಲ ಗೊತ್ತಿತ್ತು ಅಂತ ಕಾಣುತ್ತದೆ. ಅದಕ್ಕೇ ದುಡ್ಡಿನ ಬದಲು ಆಕೆಗೆ ಬಾಗಿಲು, ಒಲೆ, ಬಾವಿಕಟ್ಟೆ ಬಿಟ್ಟುಹೋದರು.

ಇದೇನು ಹೊಸ ಯೋಚನೆಯಲ್ಲ. ಇಂಗ್ಲೆಂಡಿನ ದೊರೆ 1215ರಲ್ಲಿ ಒಪ್ಪಿಕೊಟ್ಟ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರದಲ್ಲೇ ವಿಧವೆ ಗಂಡನ ಮನೆಯಲ್ಲಿ 40 ದಿನ ಇರಬಹುದು, ಅಷ್ಟರೊಳಗೆ ಅವಳ ಪಾಲು ಗೊತ್ತುಮಾಡಿ ಕೊಡಬೇಕು ಅಂತ ಬರೆದಿದ್ದರು. ಫ್ರಾನ್ಸಿನಲ್ಲಿ 2001ರ ಕಾನೂನಿನ ಪ್ರಕಾರ ದಂಪತಿಯಲ್ಲಿ ಒಬ್ಬರು ಸತ್ತರೆ ಇನ್ನೊಬ್ಬರು ಒಂದು ವರ್ಷ ಅದೇ ಮನೆಯಲ್ಲಿ ಬಿಟ್ಟಿಯಾಗಿ ಇರಬಹುದು. ಉಯಿಲು ಬರೆದೂ ಅದನ್ನು ಕಸಿಯುವಂತಿಲ್ಲ. ಅಷ್ಟು ದೂರ ಯಾಕೆ, ನಮ್ಮ ಕಲ್ಯಾಣದಲ್ಲೇ ಸುಮಾರು 900 ವರ್ಷದ ಹಿಂದೆ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ದಾಯಾದಿಗಳಿಂದ ಬೇರೆಯಾಗಿ ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿಗೆ ಹೆಂಡತಿಯೇ ಮೊದಲ ವಾರಸುದಾರಳು ಅಂತ ವಾದ ಮಾಡಿ ನಿಲ್ಲಿಸಿದ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಕಾನೂನು ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದ್ದು ಬಂದದ್ದು 1937ರಲ್ಲಿ. ಅಲ್ಲೂ ವಿಧವೆಗೆ ಸಿಕ್ಕಿದ್ದು ಬದುಕಿರುವವರೆಗಿನ ಹಕ್ಕು ಅಷ್ಟೆ.

ಕೋರ್ಟಿಗೆ ಹೋಗುವ ಯೋಚನೆಯೂ ಇದೆ ಅಂದಿದ್ದೀರಿ. ಹೋಗುವ ಮುಂಚೆ ತುಳಸಮ್ಮನ ಕೇಸು ಓದಿ. ಈಕೆಯ ಗಂಡ ತೀರಿಕೊಂಡದ್ದು 1931ರಲ್ಲಿ. ಜೀವನಾಂಶಕ್ಕಾಗಿ 1944ರಲ್ಲಿ ಕೋರ್ಟು ಹತ್ತಿದರು. ಕೊನೆಗೆ ರಾಜಿಯಾಗಿ, ಬದುಕಿರುವವರೆಗೆ ಅನುಭವಿಸಲು ಒಂದಿಷ್ಟು ಆಸ್ತಿ ಬಂತು. ಆಮೇಲೆ ಅದರಲ್ಲಿ ಸ್ವಲ್ಪ ಮಾರಿದಾಗ ಗಂಡನ ಮಲಸೋದರ ತಕರಾರು ತೆಗೆದ. 1977ರಲ್ಲಿ ಸುಪ್ರೀಂ ಕೋರ್ಟ್ ತುಳಸಮ್ಮನೇ ಪೂರ್ತಿ ಒಡತಿ ಅಂದಿತು. ಜೀವನಾಂಶದ ಹಕ್ಕಿಗೆ ಬದಲಾಗಿ ಬಂದ ಆಸ್ತಿ ಸೀಮಿತವಾಗಿ ಉಳಿಯುವುದಿಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಅದನ್ನು ಪೂರ್ಣ ಹಕ್ಕಾಗಿ ಮಾಡುತ್ತದೆ ಎಂಬುದು ತೀರ್ಪು. ಅದೇ ಕಲಮಿನ ಎರಡನೇ ಭಾಗ, ಉಯಿಲಿನಲ್ಲಿ ಷರತ್ತು ಹಾಕಿ ಹೊಸದಾಗಿ ಕೊಟ್ಟಿದ್ದರೆ ಷರತ್ತು ನಿಲ್ಲುತ್ತದೆ ಅನ್ನುತ್ತದೆ. ನಿಮ್ಮಂಥ ಉಯಿಲು ಯಾವ ಭಾಗಕ್ಕೆ ಸೇರುತ್ತದೆ ಅನ್ನುವುದರಲ್ಲಿ ತೀರ್ಪುಗಳು ಒಂದೊಂದು ಕಡೆ ಎಳೆದದ್ದರಿಂದ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದರು. ನಾನು ವಕೀಲನಲ್ಲ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದರೆ ಅದು ನಿಮ್ಮ ಕಡೆಗೇ ತಿರುಗುತ್ತದೆ ಅಂತ ಸುಮ್ನೆ ನಂಬಬೇಡಿ.

ಇನ್ನೊಂದು ಮಾತು. ನಿಮ್ಮ ತಂದೆ ಉಯಿಲನ್ನೇ ಬರೆಯದೆ ಹೋಗಿದ್ದರೆ? ಅವರ ಸ್ವಯಾರ್ಜಿತ ಮನೆ ನಿಮ್ಮಿಬ್ಬರಿಗೆ ಮತ್ತು ಆಕೆಗೆ ಸಮಪಾಲು ಆಗುತ್ತಿತ್ತು. ಮೂರರಲ್ಲೊಂದು ಆಕೆಯದೇ ಸ್ವಂತ, ಮಾರಲೂಬಹುದಿತ್ತು. ಉಯಿಲಿನಿಂದ ಜಾಸ್ತಿ ಸಿಕ್ಕಿದ್ದು ನಿಮಗೆ.

ಇದು ಎಷ್ಟು ಹೆಂಗಸರಿಗೆ ಗೊತ್ತು? ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ವೈಕುಂಠ ಸಮಾರಾಧನೆ ಮುಗಿದಿರುವುದಿಲ್ಲ, ಪೌತಿ ಖಾತೆಗೆ ಓಡಾಟ ಶುರುವಾಗಿರುತ್ತದೆ. ಅದರ ಜೊತೆಯಲ್ಲೇ ಹಕ್ಕು ಬಿಡುಗಡೆ ಪತ್ರವೂ ತಯಾರಾಗಿರುತ್ತದೆ. 'ಅಮ್ಮಾ, ಇಲ್ಲೊಂದು ಸೈನ್ ಹಾಕು' ಅಂದರೆ ಆಕೆ ಹಾಕುತ್ತಾಳೆ, ಯಾಕೆಂದರೆ ಕೇಳುತ್ತಿರುವವನು ಮಗ. ಇದರ ಬಗ್ಗೆ ನಮಗೆ ಬರುವ ಪತ್ರಗಳನ್ನು ಬರೆದವರು ಹೆಚ್ಚಾಗಿ ಹೆಣ್ಣುಮಕ್ಕಳು, ಅದೂ ಮನೆ ಮಾರಿದ ಮೇಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. 'ಅಜ್ಜಿ, ಇನ್ನು ಮೇಲೆ ಎಲ್ಲಿ ಇರ್ತೀರಿ?' ಅಂತ ಒಬ್ಬರಾದರೂ ಕೇಳಬಾರದೇ? ಖಾಲಿ ಸೈಟಿಗೂ ವಿಧವೆಯೊಬ್ಬಳು ದೀಪ ಹಚ್ಚುವ ಮನೆಗೂ ಒಂದೇ ನಮೂನೆಯ ಕಾಗದ ನಡೆಯುತ್ತದೆ.

ನಿಮ್ಮ ಚಿಕ್ಕಮ್ಮ ಸೈನ್ ಹಾಕಿಲ್ಲ. ನೀವು ಅದನ್ನು ಹಟ ಅಂದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ.

ಪತ್ರದ ಕೊನೆಗೆ ಒಂದು ಸಾಲು ಬರೆದು, ಆಮೇಲೆ ಹೊಡೆದುಹಾಕಿದ್ದೀರಿ. ಆದರೂ ಓದಲು ಬಂತು. ಅಡುಗೆಮನೆಯ ಮಾಡು ಸೋರುತ್ತಿದೆ, ಮಾರಲಾಗದ ಮನೆಗೆ ಯಾಕೆ ದುಡ್ಡು ಸುರಿಯಬೇಕು ಅಂತ. ಈಗ ಏಪ್ರಿಲ್. ನಿಮ್ಮ ಕಡೆ ಮಳೆ ಹಿಡಿಯಲು ಇನ್ನು ಎರಡು ತಿಂಗಳೂ ಇಲ್ಲ. ಒಂದು ಶನಿವಾರ ತಮ್ಮನನ್ನೂ ಕರೆದುಕೊಂಡು ಊರಿಗೆ ಹೋಗಿ, ಆಳು ಹಿಡಿದು ಒಡೆದ ಹೆಂಚು ಬದಲಾಯಿಸಿ ಬನ್ನಿ. ಮನೆ ಹೇಗೂ ನಿಮ್ಮದೇ. ಕಾಫಿ ಕೊಟ್ಟರೆ ಕುಡಿದು ಬನ್ನಿ.

– ಸಂ.