ಮಣಿಪಾಲದ ಆರ್ಥಿಕತೆ ನಿಂತಿರುವುದು ಬರೀ ಕಾಲೇಜಿನ ಮೇಲೆಯೇ?

ಬಹುಪಾಲು ಹೌದು, ಆದರೆ ಕಥೆ ಶುರುವಾಗುವುದು ಕಾಲೇಜಿನಿಂದಲ್ಲ, ಬ್ಯಾಂಕಿನಿಂದ.

1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿತು. 1928ರಲ್ಲಿ ಪಿಗ್ಮಿ ಯೋಜನೆ ಬಂತು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬಂದು ಎರಡಾಣೆ ಕೊಟ್ಟರೂ ತಗೊಂಡು ಹೋಗುತ್ತಿದ್ದ. ಹೀಗೆ ಚಿಲ್ಲರೆ ಸೇರಿಸುವುದನ್ನು ಕಲಿಸಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಅವರೇ ಮುಂದೆ ಮಣಿಪಾಲದ ಬೋಳು ಮುರಕಲ್ಲು ಗುಡ್ಡದ ಮೇಲೆ ಕಾಲೇಜು ಕಟ್ಟಿದರು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು.

ಈಗ ಮುಖ್ಯ ಉದ್ಯಮ ಅಂದರೆ ಶಿಕ್ಷಣ ಮತ್ತು ಆಸ್ಪತ್ರೆ. ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರಿಗೆ ರೂಮ್ ಬೇಕು, ಊಟ ಬೇಕು, ಆಟೋ ಬೇಕು. ಮುದ್ರಣವೂ ಇಲ್ಲಿ ಹಳೆಯ ಕಸುಬು. ಇಲ್ಲಿನ ಪ್ರೆಸ್ ಬ್ಯಾಂಕ್ ಚೆಕ್ ಪುಸ್ತಕ, ಕಾರ್ಡುಗಳವರೆಗೂ ಬೆಳೆಯಿತು. ಸಾಫ್ಟ್‌ವೇರ್‌ನಲ್ಲಿ 1996ರಲ್ಲಿ ಶುರುವಾದ ಉಡುಪಿಯ ರೋಬೋಸಾಫ್ಟ್ ಒಳ್ಳೆಯ ಉದಾಹರಣೆ.

ತೊಂದರೆಯೂ ಇದೆ. ರಜೆ ಬಿಟ್ಟಾಗ ಟೈಗರ್ ಸರ್ಕಲ್ ಕಡೆ ಒಮ್ಮೆ ಹೋಗಿ ನೋಡಿ. ಜೆರಾಕ್ಸ್ ಅಂಗಡಿಯವರು ಸುಮ್ನೆ ಕೂತಿರುತ್ತಾರೆ, ಜ್ಯೂಸ್ ಅಂಗಡಿ ಅರ್ಧ ಬಾಗಿಲು. ಲಾಕ್‌ಡೌನ್‌ನಲ್ಲಿ ಹಾಸ್ಟೆಲ್ ಖಾಲಿಯಾದಾಗ ಪಿಜಿ, ಮೆಸ್ ನಡೆಸುವವರ ಪಾಡು ಹೇಳಬೇಕಾಗಿಲ್ಲ. ಅದೇ 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೂಡ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದರ ಪ್ರಧಾನ ಕಚೇರಿ ಮಣಿಪಾಲದಲ್ಲೇ ಇತ್ತು, ಹಾಗಾಗಿ ಊರಿಗೆ ಅದೊಂದು ಪ್ರಧಾನ ಕಚೇರಿ ಇಲ್ಲವಾದ ಲೆಕ್ಕ.

ಉಡುಪಿ ಜಿಲ್ಲೆಯನ್ನೇ ಕೇಳುವುದಾದರೆ ಉತ್ತರ ಬೇರೆ. ಅಲ್ಲಿ ಮಲ್ಪೆಯ ಮೀನು, ಗೇರುಬೀಜದ ಕಾರ್ಖಾನೆ, ಕೃಷ್ಣ ಮಠಕ್ಕೆ ಬರುವ ಯಾತ್ರಿಕರು, ಮುಂಬೈ ಮತ್ತು ಗಲ್ಫ್‌ನಿಂದ ಬರುವ ದುಡ್ಡು ಎಲ್ಲವೂ ಸೇರುತ್ತವೆ.